ಅಕ್ಕನ ಡಬ್ಬಿ ಮತ್ತು ಅಳುವ ಸೀತಾಫಲ

ಸೀತಾಫಲ ಅಳುವುದನ್ನು ನೀವು ನೋಡಿದ್ದೀರಾ? ನಾನು ದಿನಕ್ಕೆ ಮೂರು ಸಲವಾದರೂ ನೋಡುತ್ತೇನೆ. ನನ್ನ ಫೋನಿನಲ್ಲಿ ಒಂದು ಹಣ್ಣಿನ ಆಟವಿದೆ. ಒಂದೇ ಬಗೆಯ ಮೂರು ಹಣ್ಣುಗಳನ್ನು ಸಾಲಾಗಿ ಕೂಡಿಸಿದರೆ ಅವು ಪಟ್ಟೆಂದು ಒಡೆದು ಮಾಯವಾಗುತ್ತವೆ, ಆಟ ಅಷ್ಟೇ. ಸಾಕಪ್ಪಾ ಎಂದು ಹೊರಗೆ ಬರಲು ಹೊರಟರೆ ಕಣ್ಣು, ಮೂಗು, ಬಾಯಿ ಎಲ್ಲ ಇರುವ ಒಂದು ಸೀತಾಫಲ ಪರದೆಯ ತುಂಬ ಬಂದು ನಿಲ್ಲುತ್ತದೆ. ಎರಡೂ ಕಣ್ಣಿನಿಂದ ನೀರು ಸುರಿಸುತ್ತ, ‘ನಿಜವಾಗಿಯೂ ಹೋಗುತ್ತೀರಾ?’ ಎಂದು ತೆಲುಗಿನಲ್ಲಿ ಕೇಳುತ್ತದೆ; ನಮ್ಮ ಆದೋನಿ ತೆಲುಗು ಸೀಮೆಯ ಊರು, ಫೋನಿಗೂ ಅದೇ ಭಾಷೆ. ಕೆಳಗೆ ಎರಡು ಬಟನ್ನುಗಳು. ‘ಇಲ್ಲ, ಆಡುತ್ತೇನೆ’ ಎನ್ನುವುದು ಹಸಿರು, ಪರದೆಯ ಅಗಲಕ್ಕೂ ಹರಡಿಕೊಂಡಿದೆ. ‘ಹೋಗುತ್ತೇನೆ’ ಎನ್ನುವುದು ಬೂದಿ ಬಣ್ಣ, ಕನ್ನಡಕ ಹಾಕಿಕೊಂಡು ಹುಡುಕಬೇಕು. ಮೂವತ್ತಾರು ವರ್ಷ ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸಿ ನಿವೃತ್ತನಾದ ನಾನು, ಆ ಹಣ್ಣಿನ ಮುಖ ನೋಡಲಾರದೆ ಎಷ್ಟೋ ಸಲ ಮತ್ತೆ ಆಡಲು ಕೂತಿದ್ದೇನೆ. ಒಮ್ಮೆ ಹೆಂಡತಿ ಶಾಂತಾ ಊಟಕ್ಕೆ ಕರೆದಾಗ, ‘ಇರು, ಇದು ಅಳಾಕತ್ತೈತಿ’ ಎಂದು ಬಾಯಿತಪ್ಪಿ ಅಂದುಬಿಟ್ಟೆ. ಆಕೆ ಅದನ್ನು ಓಣಿಗೆಲ್ಲ ಹೇಳಿಕೊಂಡು ಬಂದಳು.

ಚಿಕ್ಕಂದಿನಲ್ಲಿ ಅವ್ವ ನಮ್ಮನ್ನು ಆದೋನಿ ಬಜಾರಿನ ಬಟ್ಟೆ ಅಂಗಡಿಗೆ ಕರೆದುಕೊಂಡು ಹೋಗುತ್ತಿದ್ದಳು. ಅಂಗಡಿಯ ಶೆಟ್ಟರು ನಲವತ್ತು ಸೀರೆ ಬಿಚ್ಚಿ ಹರವುತ್ತಿದ್ದರು, ಚಹಾ ತರಿಸುತ್ತಿದ್ದರು. ಅವ್ವ ಒಂದೊಂದರ ಸೆರಗನ್ನೂ ಬೆಳಕಿಗೆ ಹಿಡಿದು ನೋಡಿ, ಕೊನೆಗೆ ‘ಮುಂದಿನ ವಾರ ಬರ್ತೀವ್ರಿ’ ಎಂದು ಎದ್ದುಬಿಡುತ್ತಿದ್ದಳು. ಶೆಟ್ಟರ ಎದೆಯಲ್ಲಿ ಏನಾಗುತ್ತಿತ್ತೋ, ಮುಖದ ಮೇಲೆ ಒಂದು ಗೆರೆ ಬದಲಾಗುತ್ತಿರಲಿಲ್ಲ. ‘ಅಂಗಡಿ ಎಲ್ಲೂ ಓಡಿಹೋಗಂಗಿಲ್ಲಮ್ಮಾ, ಬರ್ರಿ’ ಎಂದು ಅಕ್ಕನ ಕೈಗೆ ಗೊಂಬೆಗೆ ಉಡಿಸಲು ಒಂದು ತುಂಡು ಬಟ್ಟೆ ಬೇರೆ ಕೊಡುತ್ತಿದ್ದರು. ಆ ಅಂಗಡಿಯ ಬಾಗಿಲು ಒಳಗೆ ಹೋಗುವಾಗ ಎಷ್ಟು ಅಗಲವಿತ್ತೋ ಹೊರಗೆ ಬರುವಾಗಲೂ ಅಷ್ಟೇ ಇರುತ್ತಿತ್ತು. ನಾವೂ ನಿಜವಾಗಿ ಮುಂದಿನ ವಾರ ಹೋಗುತ್ತಿದ್ದೆವು.

ಈ ಆಟಕ್ಕೆ ಅಂಥ ಸಮಾಧಾನವಿಲ್ಲ. ‘ಬಂಗಾರದ ಸುತ್ತಿಗೆ ಅರ್ಧ ಬೆಲೆಗೆ, ಇನ್ನು ಹತ್ತೇ ನಿಮಿಷ’ ಎಂದು ಗಡಿಯಾರ ತಿರುಗಿಸಿ ಹೆದರಿಸುತ್ತದೆ. ಮೊದಲ ಸಲ ಕಂಡಾಗ ನಾನು ಗಡ್ಡ ಹೆರೆಯುತ್ತಿದ್ದೆ. ಸುತ್ತಿಗೆಯಿಂದ ಏನು ಒಡೆಯಬೇಕೆಂದೇ ಗೊತ್ತಿಲ್ಲದಿದ್ದರೂ, ಹತ್ತು ನಿಮಿಷ ಮುಗಿಯುವುದರೊಳಗೆ ಕೊಳ್ಳಬೇಕೋ ಬೇಡವೋ ಎಂಬ ಚಿಂತೆಯಲ್ಲೇ ಒಂದು ಕೆನ್ನೆ ಬಿಟ್ಟು ಹಾಲು ತರಲು ಹೋದೆ. ಹಾಲಿನವನು ನನ್ನ ಮುಖ ನೋಡಿ, ಯಾರಾದರೂ ತೀರಿಕೊಂಡರೇನು ಎಂದು ಮೆಲ್ಲಗೆ ಕೇಳಿದ. ಮರುದಿನ ನೋಡಿದರೆ ಅದೇ ಸುತ್ತಿಗೆ, ಅದೇ ಅರ್ಧ ಬೆಲೆ, ಅದೇ ಹತ್ತು ನಿಮಿಷ. ಇವತ್ತಿಗೂ ಆ ಹತ್ತು ನಿಮಿಷ ಮುಗಿದಿಲ್ಲ.

ಜಾಹೀರಾತುಗಳದ್ದು ಇನ್ನೊಂದು ಕಥೆ. ನೀರಿನಲ್ಲಿ ಮುಳುಗುತ್ತಿರುವ ರಾಜನೊಬ್ಬನನ್ನು ತೋರಿಸುತ್ತಾರೆ. ಒಂದು ಮೊಳೆ ಎಳೆದರೆ ಅವನು ಬದುಕುತ್ತಾನೆ. ತೋರಿಸುವವನು ಬೇಕೆಂದೇ ತಪ್ಪು ಮೊಳೆ ಎಳೆಯುತ್ತಾನೆ. ನನಗೆ ತಡೆಯಲಾಗದೆ ಆ ಆಟವನ್ನೂ ಇಳಿಸಿಕೊಂಡೆ. ಒಳಗೆ ರಾಜನೂ ಇಲ್ಲ, ನೀರೂ ಇಲ್ಲ, ಅಲ್ಲಿಯೂ ಅದೇ ಹಣ್ಣು ಕೂಡಿಸುವ ಕೆಲಸ. ನಮ್ಮ ಭಾವ ಹತ್ತಿ ಬೆಳೆಯುವವರು. ಆದೋನಿಯ ಮಾರ್ಕೆಟ್ಟಿನಲ್ಲಿ ಹತ್ತಿ ಕೊಳ್ಳುವವರು ರಾಶಿಯ ಮೇಲಿನದನ್ನು ನೋಡಿ ಬೆಲೆ ಕಟ್ಟುವುದಿಲ್ಲ, ಹೆಗಲತನಕ ತೋಳು ತೂರಿಸಿ ನಡುವಿನಿಂದ ಒಂದು ಹಿಡಿ ಎಳೆದು ನೋಡುತ್ತಾರೆ. ಹಾಗೆ ತೋಳು ತೂರಿಸಿ ನೋಡುವ ಉಪಾಯ ಫೋನಿನಲ್ಲಿ ಇಲ್ಲ ನೋಡಿ, ಅದಕ್ಕೇ ನಾವು ಮೋಸಹೋಗುವುದು.

ಈಗ ಭಾವನ ಮಾತು ಬಂತಲ್ಲ, ಅಕ್ಕನ ಮಾತನ್ನೂ ಹೇಳಿಬಿಡಬೇಕು. ನಿಜ ಹೇಳಬೇಕೆಂದರೆ ನಾನು ಹೇಳಲು ಕೂತಿದ್ದೇ ಅದನ್ನು.

ನಮ್ಮ ಅಡುಗೆಮನೆಯ ಮೇಲಿನ ಹಲಗೆಯ ಮೇಲೆ ಒಂದು ಸ್ಟೀಲ್ ಡಬ್ಬಿ ಇತ್ತು. ಮುಚ್ಚಳದ ಮೇಲೆ ತೆಲುಗು ಅಕ್ಷರದಲ್ಲಿ ‘ಗೌರಮ್ಮ, ಕೌತಾಳಂ’ ಎಂದು ಕೊರೆಸಿದೆ. ಗೌರಕ್ಕ ನನಗಿಂತ ಆರು ವರ್ಷ ದೊಡ್ಡವಳು. ಕೌತಾಳಂಗೆ ಮದುವೆಯಾಗಿ ಹೋದವಳು. ಭಾವನ ಹಳೆಯ ಪ್ಯಾಂಟು ಎರಡು, ಜರಿ ಹೋದ ಸೀರೆ ಒಂದು ಕೊಟ್ಟು, ಪಾತ್ರೆ ಮಾರುವವಳ ಜೊತೆ ಅರ್ಧ ದಿನ ಚೌಕಾಸಿ ಮಾಡಿ ತೆಗೆದುಕೊಂಡ ಡಬ್ಬಿ ಅದು. ನನ್ನ ಮಗಳು ವೀಣಾಳ ಮದುವೆಗೆ ಹದಿನೈದು ದಿನ ಇದ್ದಾಗ ಅದರ ತುಂಬ ಶೇಂಗಾ ಚಟ್ನಿಪುಡಿ ಕುಟ್ಟಿ ಕಳಿಸಿದ್ದಳು. ಮದುವೆ ಮನೆಯಲ್ಲಿ ಸಾರು ಪಲ್ಯ ಮಾಡಿಕೊಳ್ಳಲು ಪುರುಸೊತ್ತು ಎಲ್ಲಿರುತ್ತದೆ, ಬಿಸಿ ಅನ್ನಕ್ಕೆ ಹಾಕಿಕೊಂಡು ಉಣ್ಣಲಿ ಎಂದು. ಪುಡಿ ಒಂದು ವಾರದಲ್ಲಿ ಖರ್ಚಾಯಿತು. ಡಬ್ಬಿ ಮಾತ್ರ ಮೂರು ವರ್ಷ ನಮ್ಮಲ್ಲೇ ಉಳಿಯಿತು.

ಅಕ್ಕ ಮತ್ತು ನಾನು ಚಿಕ್ಕಂದಿನಲ್ಲಿ ಮನೆಯ ಮುಂದಿನ ಕಲ್ಲುಬಂಡೆಯ ಮೇಲೆ ಚೌಕಾಬಾರ ಆಡುತ್ತಿದ್ದೆವು. ಮಸಿಯಲ್ಲಿ ಗೆರೆ ಎಳೆದ ಮನೆಗಳು; ಬಂಡೆಗೆ ಉಜ್ಜಿ ಉಜ್ಜಿ ಒಂದು ಮಗ್ಗುಲು ಬಿಳಿ ಮಾಡಿದ ಹುಣಸೆಬೀಜಗಳೇ ಕವಡೆ. ಆ ಬೀಜ ಉಜ್ಜುವಾಗ ಬೆರಳು ಸುಟ್ಟಷ್ಟು ಬಿಸಿಯಾಗುತ್ತಿತ್ತು. ಎದುರಾಳಿಯ ಒಂದಾದರೂ ಕಾಯಿ ಹೊಡೆಯದೆ ಒಳಮನೆಗೆ ಹೋಗುವಂತಿಲ್ಲ ಎನ್ನುವುದು ಆಟದ ಕಟ್ಟಳೆ. ನಾನು ಹೊರಗಿನ ಮನೆಗಳಲ್ಲೇ ಸುತ್ತಿ ಸುತ್ತಿ ಅಳು ಬರುವ ಹೊತ್ತಿಗೆ ಅಕ್ಕನ ಕಾಯಿ ಅದು ಹೇಗೋ ನನ್ನ ಕಾಯಿಯ ಮುಂದೆಯೇ ಬಂದು ನಿಲ್ಲುತ್ತಿತ್ತು. ನಾನು ಅದನ್ನು ಹೊಡೆದು, ಕುಣಿದು, ಒಳಗೆ ಹೋಗಿ ನನ್ನ ಕಾಯನ್ನು ಹಣ್ಣು ಮಾಡುತ್ತಿದ್ದೆ. ಅಕ್ಕನಿಗೆ ಆಡಲು ಬರುವುದಿಲ್ಲ ಎಂದು ಊರಿಗೆಲ್ಲ ಹೇಳುತ್ತಿದ್ದೆ. ಮುಂದೆ ನನ್ನ ಮಗಳ ಜೊತೆ ಅದೇ ಆಟಕ್ಕೆ ಕೂತು, ಅವಳ ಗದ್ದ ನಡುಗುವುದನ್ನು ನೋಡಿ ನನ್ನ ಕೈ ತಾನಾಗಿ ಕಾಯನ್ನು ಮುಂದಿಟ್ಟಾಗಲೇ ನನಗೆ ತಿಳಿದದ್ದು. ಅಷ್ಟರಲ್ಲಿ ನನಗೆ ನಲವತ್ತು ದಾಟಿತ್ತು.

ಅಂಥ ಅಕ್ಕನಿಗೆ ನಾನು ಏನು ಮಾಡಿದೆ ಕೇಳಿ. ನಮ್ಮಲ್ಲಿ ಮದುವೆಗೆ ಮನೆಯ ಹೆಣ್ಣುಮಗಳನ್ನು ಕರೆಯಬೇಕಾದರೆ ಅಣ್ಣನೋ ತಮ್ಮನೋ ಖುದ್ದಾಗಿ ಆಕೆಯ ಮನೆಗೆ ಹೋಗಬೇಕು. ಕುಂಕುಮ ಹಚ್ಚಿ, ಎಲೆ ಅಡಿಕೆ ಕೊಟ್ಟು, ‘ಬಾರವ್ವಾ, ನಿನ್ನ ಕೆಲಸ ಇದು’ ಎನ್ನಬೇಕು. ಆಕೆ ತವರಿಗೆ ಬಂದು ಹೊರಡುವಾಗ ಅಕ್ಕಿ, ಕೊಬ್ಬರಿ, ಕುಪ್ಪಸದ ಬಟ್ಟೆ ಹಾಕಿ ಉಡಿ ತುಂಬಿ ಕಳಿಸಬೇಕು. ಇದು ನನಗೆ ಗೊತ್ತಿಲ್ಲದ್ದೇನಲ್ಲ. ಬೇರೆಯವರ ಲಗ್ನಪತ್ರಿಕೆಗಳನ್ನು ಮೂವತ್ತಾರು ವರ್ಷ ಊರೂರಿಗೆ ಹಂಚಿದವನು ನಾನು. ಆದರೆ ಛತ್ರ, ಅಡುಗೆಯವರು, ಬೀಗರು ಎಂದು ಓಡಾಡುತ್ತ ‘ನಾಳೆ ಹೋದರಾಯಿತು’ ಎಂದು ದಿನ ತಳ್ಳಿದೆ. ಆ ನಡುವೆ ಒಬ್ಬರು, ಗಣಪತಿ ಕುಣಿಯುವ, ಶಹನಾಯಿ ಊದುವ ಒಂದು ಪತ್ರಿಕೆಯನ್ನು ಫೋನಿನಲ್ಲೇ ಮಾಡಿಕೊಟ್ಟರು. ಒಂದೇ ಏಟಿಗೆ ಎರಡು ನೂರು ಮಂದಿಗೆ ವಾಟ್ಸಾಪಿನಲ್ಲಿ ಕಳಿಸಿ ಕೈ ತೊಳೆದುಕೊಂಡೆ. ಆ ಎರಡು ನೂರರಲ್ಲಿ ಅಕ್ಕನೂ ಇದ್ದಳು. ಆಮೇಲಾದರೂ ಹೋಗಬೇಕಿತ್ತು, ಹೋಗಲಿಲ್ಲ.

ಅಕ್ಕ ಮದುವೆಗೆ ಬಂದಳು. ಬರದೆ ಇರುವವಳಲ್ಲ. ಮಂಟಪ ಹತ್ತಿ ವೀಣಾಳ ತಲೆಯ ಮೇಲೆ ಅಕ್ಕಿಕಾಳು ಹಾಕಿದಳು, ಕೆನ್ನೆ ಸವರಿದಳು, ಒಂದು ಲೋಟ ನೀರು ಕುಡಿದಳು. ಊಟಕ್ಕೆ ಕೂಡಲಿಲ್ಲ. ಶಾಂತಾ ಮೊರದಲ್ಲಿ ಅಕ್ಕಿ ಕೊಬ್ಬರಿ ಹಿಡಿದು ಓಡಿ ಬರುವಷ್ಟರಲ್ಲಿ ಅಕ್ಕ ಭಾವನ ಜೊತೆ ಒಂದು ಗಂಟೆಯ ಬಸ್ಸು ಹತ್ತಿಬಿಟ್ಟಿದ್ದಳು. ಹೆಣ್ಣುಮಗಳು ತವರಿನ ಮದುವೆಯಿಂದ ಬರಿ ಹೊಟ್ಟೆ, ಬರಿ ಉಡಿಯಲ್ಲಿ ಹೋದಳು. ಎರಡು ಸಲ ಫೋನ್ ಮಾಡಿದೆ, ಎತ್ತಲಿಲ್ಲ. ಆಮೇಲೆ ನನಗೂ ಸಿಟ್ಟು ಬಂತು. ತಪ್ಪು ಮಾಡಿದವನಿಗೆ ಬರುವ ಸಿಟ್ಟು ಬಹಳ ಗಟ್ಟಿ, ಬೇಗ ಇಳಿಯುವುದಿಲ್ಲ.

ಡಬ್ಬಿಯ ತೊಡಕು ಅಲ್ಲಿಂದ ಶುರುವಾಯಿತು. ಒಬ್ಬರ ಮನೆಯ ಪಾತ್ರೆಯನ್ನು ಖಾಲಿ ಹಿಂದಿರುಗಿಸಬಾರದು ಎನ್ನುವುದು ನಿಮಗೂ ಗೊತ್ತಿರುತ್ತದೆ. ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆಯನ್ನಾದರೂ ಹಾಕಿ ಕೊಡಬೇಕು. ಮಾತು ಬಿಟ್ಟವರ ಡಬ್ಬಿಗೆ ಏನು ಹಾಕುವುದು? ಹಾಕಿದರೂ ಯಾರು ಒಯ್ಯುವುದು? ಪ್ರತಿ ದೀಪಾವಳಿಗೆ ಶಾಂತಾ ಅದನ್ನು ಇಳಿಸಿ, ತಿಕ್ಕಿ ಬೆಳಗಿ, ನನ್ನ ಮುಖ ಒಮ್ಮೆ ನೋಡಿ, ಮತ್ತೆ ಹಲಗೆಯ ಮೇಲೆ ಇಡುತ್ತಿದ್ದಳು.

ಹೀಗಿರುವಾಗ ನಾನು ನಿವೃತ್ತನಾದೆ. ಮಧ್ಯಾಹ್ನ ನಾಲ್ಕರ ಟಪಾಲು ಚೀಲ ಬರುವ ಹೊತ್ತಿಗೆ ಕೈ ಕಾಗದ ಹುಡುಕುವುದನ್ನು ನೋಡಲಾರದೆ ವೀಣಾ ಈ ಹಣ್ಣಿನ ಆಟ ಹಾಕಿಕೊಟ್ಟಳು. ಒಳಗೆ ಸೇರಿಸಿಕೊಳ್ಳುವಾಗ ಅದು ಏನೇನೋ ಕೇಳಿತು. ನಾನು ಸಂಬಳದ ದಿನದ ಸಹಿ ಹಾಕಿದಂತೆ ಎಲ್ಲದಕ್ಕೂ ಹಸಿರು ಬಟನ್ ಒತ್ತಿದೆ. ಮೊದಲ ಇಪ್ಪತ್ತು ಲೆವೆಲ್ ಎಷ್ಟು ಸಲೀಸಾಗಿ ಹೋದವೆಂದರೆ, ಈ ಬುದ್ಧಿಯನ್ನು ಅಂಚೆ ಕಚೇರಿಯಲ್ಲಿ ಹಾಳು ಮಾಡಿಕೊಂಡೆನಲ್ಲ ಎನಿಸಿತು. ಇಪ್ಪತ್ತೊಂದನೆಯದರಲ್ಲಿ ಹನ್ನೊಂದು ದಿನ ಸಿಕ್ಕಿಬಿದ್ದೆ. ಆಟಗಾರನಿಗೆ ಐದು ಪ್ರಾಣ. ಒಂದೊಂದು ಸೋಲಿಗೂ ಒಂದೊಂದು ಹೋಗುತ್ತದೆ. ಐದೂ ಹೋದರೆ ಗಂಟೆಗಟ್ಟಲೆ ಕಾಯಬೇಕು, ಇಲ್ಲ ದುಡ್ಡು ಕೊಡಬೇಕು, ಇಲ್ಲ ಗೆಳೆಯರನ್ನು ಬೇಡಬೇಕು. ಮೊದಲು ಸಲಿಗೆ ಕೊಟ್ಟು ಆಮೇಲೆ ಕೈ ತಿರುಚುವ ಬಡ್ಡಿಯವನ ಬುದ್ಧಿ ಇದು ಎಂದು ಬೈದುಕೊಂಡೆ. ಬೈದುಕೊಂಡೇ ಕಾದೆ. ಒಂದು ದಿನ ತಪ್ಪಿಸಿದರೆ ‘ನಿಮ್ಮ ನಲವತ್ತು ದಿನದ ಸಾಲು ಮುರಿಯುತ್ತದೆ’ ಎಂದು ಬೇರೆ ಹೆದರಿಸುತ್ತಿತ್ತು. ಸೋಮವಾರದ ಉಪವಾಸವನ್ನು ನಾಲ್ಕು ವಾರ ಸರಿಯಾಗಿ ಹಿಡಿಯದ ನಾನು ಈ ವ್ರತವನ್ನು ಜ್ವರದಲ್ಲೂ ಬಿಡಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಿಗ್ಗೆ ಫೋನು ಟಿಂಗ್ ಎಂದಿತು. ಪರದೆಯ ಮೇಲೆ ಟ್ರ್ಯಾಕ್ಟರಿನ ಪಕ್ಕ ನಿಂತ ಅಕ್ಕನ ಫೋಟೊ. ಕೆಳಗೆ, ‘ಗೌರಮ್ಮ ಮಿಮ್ಮಲ್ನಿ ಗುರ್ತು ಚೇಸುಕುಂಟುನ್ನಾರು. ಒಕ ಪ್ರಾಣಂ ಪಂಪಂಡಿ.’ ಗೌರಮ್ಮ ನಿಮ್ಮನ್ನು ನೆನೆಸಿಕೊಳ್ಳುತ್ತಿದ್ದಾರೆ, ಒಂದು ಪ್ರಾಣ ಕಳಿಸಿ. ನಾನು ಅದನ್ನು ನಿಂತಲ್ಲೇ ನಾಲ್ಕು ಸಲ ಓದಿದೆ. ಅಕ್ಕನೂ ಇದೇ ಆಟ ಆಡುತ್ತಾಳೆ, ಸೋತು ಕೂತಿದ್ದಾಳೆ, ಊರಲ್ಲಿ ಇಷ್ಟು ಮಂದಿಯಿರುವಾಗ ನನ್ನನ್ನೇ ಕೇಳಿದ್ದಾಳೆ! ಆಗಲೇ ಕಳಿಸಿದೆ. ಸಂಜೆಗೆ ‘ಗೌರಮ್ಮ ನಿಮಗೆ ಒಂದು ಪ್ರಾಣ ಕಳಿಸಿದ್ದಾರೆ’ ಎಂದು ಬಂತು. ಬಂದದ್ದನ್ನು ಸುಮ್ಮನೆ ಇಟ್ಟುಕೊಳ್ಳುವುದುಂಟೆ? ಖಾಲಿ ಪಾತ್ರೆ ಕಳಿಸಬಾರದು ಎಂದು ಕಲಿತ ಮನೆಯವನು ನಾನು, ಮರುದಿನ ಮತ್ತೆ ಕಳಿಸಿದೆ. ಅವಳೂ ಕಳಿಸಿದಳು. ಆಮೇಲೆ ದಿನಾ ಸ್ನಾನ ಮಾಡಿ ವಿಭೂತಿ ಹಚ್ಚಿಕೊಂಡ ಮೇಲೆ ನನ್ನ ಮೊದಲ ಕೆಲಸ ಅಕ್ಕನಿಗೆ ಪ್ರಾಣ ಕಳಿಸುವುದಾಯಿತು.

ಅಕ್ಕ ಕರಗಿದ್ದಾಳೆ ಎಂದು ಶಾಂತಾಳಿಗೆ ಹೇಳಿದೆ. ಆಕೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

‘ಮೂರು ವರ್ಷ ಫೋನ್ ಎತ್ತಲಾರದಾಕಿ ಈಗ ಸೀತಾಫಲದ ಕೈಯಾಗ ಹೇಳಿ ಕಳಿಸ್ಯಾಳೇನು? ಕರಗ್ಯಾಳಂದ್ರ ಹೋಗಿ ನೋಡ್ರಲ್ಲ.’

ನೋಡುವ ಧೈರ್ಯ ನನಗಿರಲಿಲ್ಲ. ಪ್ರಾಣ ಹೋಗಿ ಬರುತ್ತಿದೆಯಲ್ಲ, ಅಷ್ಟು ಸಾಕು ಎಂದುಕೊಂಡೆ. ಆದರೆ ಯುಗಾದಿಯ ಹೊತ್ತಿಗೆ ವೀಣಾಳಿಗೆ ಏಳು ತಿಂಗಳು ತುಂಬುವುದರಲ್ಲಿತ್ತು. ತವರಿನಲ್ಲಿ ಕುಬಸ ಮಾಡಬೇಕು. ಬಸುರಿಗೆ ಹಸಿರು ಬಳೆ ತೊಡಿಸಿ, ಹೊಸ ಸೀರೆ ಉಡಿಸಿ ಆರತಿ ಎತ್ತುವ ಕಾರ್ಯ. ದಿನ ಗೊತ್ತು ಮಾಡಿ ವೀಣಾಳಿಗೆ ಫೋನ್ ಮಾಡಿದೆ. ಆಕೆ ಎಲ್ಲ ಕೇಳಿಸಿಕೊಂಡು ಅಂದಳು.

‘ಗೌರತ್ತಿ ಬಂದು ಬಳಿ ಇಡಸ್ತಾಳೇನಪಾ? ಆಕಿ ಬರದಿದ್ರ ನನಗ ಕುಬಸ ಬ್ಯಾಡ. ಲಗ್ನದಾಗ ಆಕಿ ಉಣ್ಣದಂಗ ಹೋಗಿದ್ದು ನಾ ಮಂಟಪದಾಗ ಕುಂತು ನೋಡೀನಿ.’

ಮಗಳು ಅದನ್ನು ನೋಡಿದ್ದಳು ಎಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಮರುದಿನವೇ ಹೊರಟೆ. ಶಾಂತಾ ಡಬ್ಬಿ ಇಳಿಸಿ ಅದರ ತುಂಬ ಕರ್ಜಿಕಾಯಿ ಹಾಕಿದಳು. ಚೀಲದಲ್ಲಿ ಎಲೆ ಅಡಿಕೆ, ಕುಂಕುಮ, ಉಡಿಗೆಂದು ಅಕ್ಕಿ, ಕೊಬ್ಬರಿ, ಹಸಿರು ಕುಪ್ಪಸದ ಬಟ್ಟೆ ಇಟ್ಟಳು. ಬಸ್ ಸ್ಟ್ಯಾಂಡಿನಲ್ಲಿ ಉಗ್ಗಾಣಿ ಬಜ್ಜಿ ತಿನ್ನದೆ ನಾನು ಬಸ್ಸು ಹತ್ತಿದ ದಿನ ಅದೊಂದೇ ಇರಬೇಕು. ದಾರಿಯುದ್ದಕ್ಕೂ ಅಕ್ಕ ಬಾಗಿಲಿಗೆ ಬಂದರೆ ಏನು ಹೇಳುವುದು, ಬರದಿದ್ದರೆ ಏನು ಹೇಳುವುದು ಎಂದು ಎರಡೂ ಬಗೆಯ ಮಾತು ಕಟ್ಟಿಕೊಂಡೆ. ಹಿಂದಿನ ಸೀಟಿನಲ್ಲಿ ಯಾರದೋ ಫೋನಿನಿಂದ ಹಣ್ಣು ಒಡೆಯುವ ಸದ್ದು ಬರುತ್ತಲೇ ಇತ್ತು.

ಭಾವ ಕಟ್ಟೆಯ ಮೇಲೆ ಕೂತಿದ್ದರು. ನನ್ನನ್ನು ನೋಡಿ ‘ಬಾರಪಾ ಬಸವರಾಜ’ ಎಂದು ಒಳಗೆ ಬಿಟ್ಟು, ಹೊಲದ ಕಡೆ ಹೋಗಿ ಬರುತ್ತೇನೆಂದು ಚಪ್ಪಲಿ ಮೆಟ್ಟಿಕೊಂಡರು. ಜಾಣರು. ಅಕ್ಕ ನೀರಿನ ಚೊಂಬು ತಂದಿಟ್ಟು, ಆರಾಮಾ ಎಂದು ಕೇಳಿ, ಎದುರಿಗೆ ಕೂತು ಮೊರದಲ್ಲಿ ತೊಗರಿಬೇಳೆ ಆರಿಸತೊಡಗಿದಳು. ತಲೆ ಎತ್ತಲಿಲ್ಲ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಮೂರು ವರ್ಷದಲ್ಲಿ ಇಷ್ಟು ಬೆಳ್ಳಗಾಗುತ್ತದೆಯೇ ಎನಿಸಿ, ಕಟ್ಟಿಕೊಂಡು ಬಂದಿದ್ದ ಮಾತೆಲ್ಲ ಹಾರಿಹೋಯಿತು. ಮೊದಲು ನೀನೇ ಪ್ರಾಣ ಕೇಳಿದ್ದೆಯಲ್ಲ, ಆ ಧೈರ್ಯದ ಮೇಲೆ ಬಂದೆ ಎಂದುಬಿಟ್ಟೆ.

‘ನಾ ಎಂದ ಕೇಳೀನೋ? ನೀನ ಕೇಳಿದ್ದಲ್ಲ’ ಎಂದಳು ಅಕ್ಕ.

ಫೋನ್ ತರಿಸಿ ತೋರಿಸಿದಳು. ಕೊರಳಲ್ಲಿ ನಿವೃತ್ತಿಯ ಹಾರ ಹಾಕಿಕೊಂಡ ನನ್ನ ಫೋಟೊ. ಕೆಳಗೆ, ‘ಬಸವರಾಜು ನಿಮ್ಮನ್ನು ನೆನೆಸಿಕೊಳ್ಳುತ್ತಿದ್ದಾರೆ. ಒಂದು ಪ್ರಾಣ ಕಳಿಸಿ.’ ಒಂದು ದಿನದ್ದಲ್ಲ, ಸಂಕ್ರಾಂತಿಯಿಂದ ದಿನಾ. ಆಣೆ ಮಾಡಿ ಹೇಳುತ್ತೇನೆ, ನಾನು ಒಂದು ಸಲವೂ ಕೇಳಿರಲಿಲ್ಲ. ಫೋನ್ ತಂದುಕೊಟ್ಟ ಅಕ್ಕನ ಮೊಮ್ಮಗಳು ಮೇಧಾ, ಒಂಬತ್ತನೇ ಕ್ಲಾಸಿನವಳು, ನಗು ತಡೆದುಕೊಂಡು ಬಿಡಿಸಿ ಹೇಳಿದಳು. ಸೋತಾಗಲೆಲ್ಲ ‘ಮುಂದುವರಿಯಿರಿ’ ಎಂಬ ಹಸಿರು ಬಟನ್ ಬರುತ್ತದಲ್ಲ, ಅದರ ಕೆಳಗೆ ಇರುವೆ ಅಕ್ಷರದಲ್ಲಿ ‘ಗೆಳೆಯರೆಲ್ಲರನ್ನೂ ಪ್ರಾಣ ಕೇಳಿ’ ಎಂದು ಬರೆದಿರುತ್ತದೆ. ಪಕ್ಕದಲ್ಲಿ ಒಪ್ಪಿಗೆಯ ಗುರುತನ್ನು ಅವರೇ ಹಾಕಿಟ್ಟಿರುತ್ತಾರೆ. ನಾವು ಮುಂದುವರಿಯಲೆಂದು ಒತ್ತಿದಾಗಲೆಲ್ಲ ಅದು ನಮ್ಮ ಹೆಸರಿನಲ್ಲಿ, ನಮ್ಮ ಫೋಟೊ ಹಿಡಿದು, ಈ ಆಟವಿರುವ ಪರಿಚಯದವರ ಮನೆಮನೆಗೆ ಹೋಗಿ ಬೇಡಿಕೊಂಡು ಬರುತ್ತದೆ. ನೆನೆಸಿಕೊಳ್ಳುತ್ತಿದ್ದಾರೆ ಎಂಬ ಮಾತೂ ಅದರದ್ದೇ.

‘ತಾತಾ, ನಿಂದು ಅಂದರಿಕೀ ಹೋಗಿರ್ತೈತಿ, ಚೂಡು’ ಎಂದು, ಎಲ್ಲರಿಗೂ ಹೋಗಿದೆ ನೋಡು ಎನ್ನುವುದನ್ನು ಅರ್ಧ ತೆಲುಗಿನಲ್ಲಿ ಹೇಳಿ, ಪಟ್ಟಿ ತೆಗೆದು ತೋರಿಸಿದಳು.

ಪಟ್ಟಿಯಲ್ಲಿ ನಮ್ಮ ಹಳೆಯ ಪೋಸ್ಟ್ ಮಾಸ್ತರರಿದ್ದರು. ಅರ್ಧ ಗಡ್ಡ ನೋಡಿದ ಹಾಲಿನವನಿದ್ದ. ಬೀಗರು ಗಂಡ ಹೆಂಡತಿ ಇಬ್ಬರೂ ಇದ್ದರು. ಹೆಣ್ಣು ಕೊಟ್ಟ ಮನೆಯ ಮುಂದೆ ನಾನು ದಿನಕ್ಕೆ ಐದು ಸಲ ಕೈ ಒಡ್ಡಿದ್ದೇನೆ! ಬೇರೆ ದಿನವಾಗಿದ್ದರೆ ನಾಚಿಕೆಯಿಂದ ಸಾಯುತ್ತಿದ್ದೆ. ಆ ಹೊತ್ತಿನಲ್ಲಿ ಅದು ತಾಗಲೇ ಇಲ್ಲ. ಅಕ್ಕ ನನ್ನನ್ನು ನೆನೆಸಿಕೊಂಡಿರಲಿಲ್ಲ. ಮೂರು ತಿಂಗಳು ನಾನು ಯಂತ್ರದ ಮಾತು ನಂಬಿ ಹಿಗ್ಗಿದ್ದೆ. ಬಂದ ಬಸ್ಸಿನಲ್ಲೇ ತಿರುಗಿ ಹೋದರೆ ಮಗಳಿಗೆ ಏನು ಹೇಳುವುದು ಎಂದು ಚೀಲದ ಹಿಡಿ ಹಿಡಿದು ಕೂತೆ.

ಅಕ್ಕ ಮೇಧಾಳನ್ನು ಚಹಾ ಮಾಡಲು ಒಳಗೆ ಕಳಿಸಿದಳು. ಬೇಳೆಯಲ್ಲಿ ಒಂದು ಕಲ್ಲು ಸಿಕ್ಕಿತು, ತೆಗೆದು ಪಕ್ಕಕ್ಕಿಟ್ಟಳು.

‘ಇದು ಮಷೀನು ಕಳಸೋದು ಅಂತ ಈ ಹುಡುಗಿ ಮೊದಲನೇ ವಾರದಾಗ ಹೇಳಿದ್ಲು ನನಗ.’

ಹಾಗಾದರೆ ಇಷ್ಟು ದಿನ ಯಾಕೆ ಕಳಿಸಿದೆ ಎಂದು ಕೇಳಿದೆ.

‘ಅದು ಕೇಳಿದ್ದು ಸುಳ್ಳಿರಬೋದು. ನಾ ಕಳಿಸಿದ್ದು ಸುಳ್ಳಲ್ಲಲ್ಲೋ’ ಎಂದಳು ಅಕ್ಕ. ‘ನನಗ ಆಡಾಕೂ ಬರಂಗಿಲ್ಲ. ಹನ್ನೆರಡನೇದರಾಗ ನಿಂತೀನಿ. ಮುಂಜಾನೆದ್ದು ನಿನ್ನ ಹೆಸರು ನೋಡಿ, ಒಂದು ಕಳಿಸಿ, ಮುಚ್ಚಿಡ್ತೀನಿ ಅಷ್ಟ.’

ನೋಡಿ, ಅರವತ್ತೆರಡು ವರ್ಷದವನು ಅಳಬಾರದು ಎಂದೇನಿಲ್ಲ. ಆ ಸೀತಾಫಲಕ್ಕಿಂತ ಜೋರಾಗಿ ಅತ್ತೆ. ಆ ಬಂಡೆಯ ಮೇಲೆ ನನ್ನ ಕಾಯಿಯ ಮುಂದೆ ತನ್ನ ಕಾಯಿ ಇಟ್ಟವಳು ಅವಳೇ, ಇಲ್ಲಿ ಕೂತಿದ್ದವಳೂ ಅವಳೇ. ತಪ್ಪಾಯಿತಕ್ಕಾ, ಲಗ್ನಕ್ಕೆ ಬಂದು ಕರೆಯಲಿಲ್ಲ, ಬೇಕೆಂದು ಮಾಡಲಿಲ್ಲ, ಆದರೂ ತಪ್ಪು ನನ್ನದೇ ಎಂದು ಮೂರು ವರ್ಷದ ಮಾತನ್ನು ಒಂದೇ ಉಸಿರಿಗೆ ಹೇಳಿದೆ. ಅಕ್ಕ ಮೊರ ಕೆಳಗಿಟ್ಟಳು. ಮೊದಲ ಸಲ ನನ್ನನ್ನು ನೇರವಾಗಿ ನೋಡಿದಳು.

‘ಎರಡು ನೂರು ಮಂದಿಗೆ ಕಳಿಸಿದ್ದು ನನಗೂ ಕಳಿಸಿದಿ. ನಾ ಎರಡು ನೂರರಾಗ ಒಬ್ಬಾಕಿ ಏನೋ?’

ಹಸಿರು ಬಟನ್ ಒತ್ತಿ, ಎಲ್ಲರಿಗೂ ಒಂದೇ ಪ್ರೀತಿಯ ಮಾತು ಕಳಿಸಿದವನು ಮೊದಲು ನಾನೇ. ಆಟ ಮಾಡಿದವರು ನನ್ನಿಂದಲೇ ಕಲಿತಿರಬೇಕು. ಎದ್ದು ಕುಂಕುಮದ ಭರಣಿ ತೆಗೆದೆ. ಅಕ್ಕ ಹಣೆ ಮುಂದೆ ತಂದಳು, ಹಚ್ಚಿದೆ. ಎಲೆ ಅಡಿಕೆ ಕೊಟ್ಟು, ‘ಅಕ್ಕಾ, ವೀಣಾನ ಕುಬಸ. ನಿನ್ನ ಕೆಲಸ ಇದು’ ಎಂದೆ. ತೆಗೆದುಕೊಂಡಳು. ಬರುತ್ತೇನೆ ಎನ್ನಲಿಲ್ಲ, ಬರುವುದಿಲ್ಲ ಎಂದೂ ಅನ್ನಲಿಲ್ಲ. ಸೆರಗು ಹಿಡಿದಳು, ಉಡಿ ತುಂಬಿದೆ. ಗಂಡಸು ಉಡಿ ತುಂಬುವುದು ಪದ್ಧತಿಯಲ್ಲ, ಅಕ್ಕಿ ಅರ್ಧ ಕೆಳಗೆ ಚೆಲ್ಲಿತು. ಚಹಾ ತಂದ ಮೇಧಾ ನೋಡಿ ಮತ್ತೆ ನಕ್ಕಳು. ಅಕ್ಕ ಮಾತ್ರ ನಗಲಿಲ್ಲ. ಬಿದ್ದ ಕಾಳುಗಳನ್ನು ಒಂದೊಂದಾಗಿ ಆರಿಸಿ ಉಡಿಗೇ ಹಾಕಿಕೊಂಡಳು.

ಹೊರಡುವಾಗ ಡಬ್ಬಿಯನ್ನು ಅಲ್ಲೇ ಬಿಟ್ಟು ಬಾಗಿಲು ದಾಟಿದ್ದೆ. ಅಕ್ಕ ಕೂಗಿ ನಿಲ್ಲಿಸಿದಳು. ಕರ್ಜಿಕಾಯಿ ತೆಗೆದಿಟ್ಟುಕೊಂಡು, ಡಬ್ಬಿಯ ತುಂಬ ಚಟ್ನಿಪುಡಿ ಹಾಕಿ ತಂದಿದ್ದಳು. ನಿನ್ನ ಡಬ್ಬಿ ನಿನಗೆ ಮುಟ್ಟಿಸಲು ಮೂರು ವರ್ಷ ಹಿಡಿದಿದೆ, ಮತ್ತೆ ನನಗೇ ಕೊಡುತ್ತೀಯಲ್ಲ ಎಂದೆ. ಮುಟ್ಟಿಸಲು ನೀನೇ ಬರಬೇಕಲ್ಲ, ಅದಕ್ಕೇ ಎಂದಳು.

ಬಸ್ಸು ಕೌತಾಳಂ ದಾಟಿತು. ಎರಡೂ ಕಡೆ ಹತ್ತಿ ಬಿಡಿಸಿಕೊಂಡ ಹೊಲಗಳು ಕಪ್ಪಗೆ ಬಿದ್ದಿದ್ದವು. ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಅಕ್ಕ ಬರುತ್ತಾಳೋ ಇಲ್ಲವೋ, ಶಾಂತಾಳಿಗೂ ಮಗಳಿಗೂ ಏನೆಂದು ಹೇಳಲಿ ಎಂದು ಯೋಚಿಸುತ್ತಿದ್ದೆ. ಫೋನು ಟಿಂಗ್ ಎಂದಿತು. ‘ಗೌರಮ್ಮ ನಿಮಗೆ ಒಂದು ಪ್ರಾಣ ಕಳಿಸಿದ್ದಾರೆ.’ ಮೊದಲಾಗಿದ್ದರೆ ಹಿಗ್ಗುತ್ತಿದ್ದೆ. ಈಗ ಈ ಆಟದ ಯಾವ ಮಾತನ್ನೂ ನಂಬುವಂತಿರಲಿಲ್ಲ. ಮೂರು ವರ್ಷದಿಂದ ಒತ್ತದ ನಂಬರು ಒತ್ತಿದೆ. ಒಂದೇ ರಿಂಗಿಗೆ ಎತ್ತಿದಳು.

‘ಅಕ್ಕಾ, ಈಗ ಬಂದಿದ್ದು ನೀನಾ, ಮಷೀನಾ?’

‘ನಾನ’ ಎಂದಳು ಅಕ್ಕ. ಆಮೇಲೆ, ‘ವೀಣಾಗ ಬಳಿ ಎಷ್ಟು ಸೈಜು? ಬಸುರಿ ಕೈ ಬಾತಿರ್ತಾವ, ಹಳೇ ಅಳತಿ ನಡಿಯಂಗಿಲ್ಲ.’

ನನಗೆ ಮಗಳ ಬಳೆಯ ಅಳತೆ ಗೊತ್ತಿರಲಿಲ್ಲ. ಶಾಂತಾಳನ್ನು ಕೇಳಿ ತಿಳಿಸುತ್ತೇನೆ ಎಂದೆ.

‘ಕೇಳಿ ಫೋನ್ ಮಾಡು’ ಎಂದಳು. ‘ಮೆಸೇಜ್ ಕಳಿಸಬ್ಯಾಡ.’